ಸೂರಿನ ನೀರು ಬೀಳುವಲ್ಲಿ

ಮಿಲ್ ಫಾರ್ಮ್, ಗ್ರೇಟ್ ತಾರ್ಸ್‌ವಿಕ್, ನಾರ್ಫೋಕ್
ಗುರುವಾರ, ೨೬ ಆಗಸ್ಟ್ ೧೯೭೬

ಪ್ರೀತಿಯ ಎನಿಡ್,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣೇ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಇವತ್ತು ಹಾಲು ಒಡೆಯುತ್ತದೆ, ಇಲ್ಲವೇ ಬಾಣಲೆ ಕಾಲ ಮೇಲೆ ಬೀಳುತ್ತದೆ ಅನ್ನಿಸಿ, ಒಲೆ ಹಚ್ಚುವ ಮೊದಲೇ ಪೆನ್ನು ಹಿಡಿದಿದ್ದೇನೆ.

ಕನಸಿನಲ್ಲಿ ನಾನು ನಮ್ಮ ಬೆಲ್ ಕ್ಲೋಸ್ ಹುಲ್ಲುಗಾವಲಿನ ನಡುವೆ ನಿಂತಿದ್ದೆ. ಸಿರಿಲ್ ಟ್ರಾಕ್ಟರಿಗೆ ನೇಗಿಲು ಕಟ್ಟಿಕೊಂಡು ನನ್ನ ಕಡೆಗೇ ಬರುತ್ತಿದ್ದ. ನೇಗಿಲು ಮಗುಚಿದ ಮಣ್ಣಿನಲ್ಲಿ ಏನೋ ಬೆಳ್ಳಗೆ, ಚಿಕ್ಕಚಿಕ್ಕದು. ನಾನು ಬಗ್ಗಿ ಬಗ್ಗಿ ಅದನ್ನು ಏಪ್ರನ್ನಿಗೆ ತುಂಬಿಕೊಳ್ಳುತ್ತಿದ್ದೆ. ನೋಡಿದರೆ ಏಪ್ರನ್ನಿಗೆ ತಳವೇ ಇಲ್ಲ, ತುಂಬಿದ್ದೆಲ್ಲ ಮತ್ತೆ ಮಣ್ಣಿಗೆ. ನಿಲ್ಲಿಸು ನಿಲ್ಲಿಸು ಅಂತ ಕೂಗಿದೆ. ಟ್ರಾಕ್ಟರ್ ಗುಡುಗುಡು ಅನ್ನುತ್ತಾ ಬಂದೇ ಬಂತು. ಕಣ್ಣು ಬಿಟ್ಟರೆ ಅದು ಪಕ್ಕದಲ್ಲಿ ಸಿರಿಲ್ ಗೊರಕೆ. ನಗಬೇಡ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಮ್ಮ ಹಾಸಿಗೆ ಹಿಡಿದ ವರ್ಷ ನನ್ನ ಶಾಲೆ ನಿಂತಿತು, ನಿನ್ನದು ನಡೆಯಿತು. ಒಂದು ಕಾಗದ ಬರೆಯುವುದೆಂದರೆ ನನಗೆ ಹಾಸಿಗೆ ಹೊದಿಕೆಯೆಲ್ಲ ಒಗೆದಷ್ಟು ಕೆಲಸ. ಜೊತೆಗೆ ಈ ಸೆಕೆ. ಬಾವಿಯ ನೀರು ಕೆಳಗೆ ಹೋಗಿದೆ, ಕೋಳಿಗಳು ಬಾಯಿ ತೆರೆದುಕೊಂಡು ಮಲಗಿವೆ, ಬರೆಯಲು ಕೂತರೆ ಬೆವರಿಗೆ ಶಾಯಿ ಹರಡುತ್ತದೆ. ನಿನ್ನ ಕೆಮ್ಮು ಹೇಗಿದೆ? ಬಿಸಿಲಲ್ಲಿ ಕೆಮ್ಮು ಇರುವುದಿಲ್ಲ ಅಂತ ಸುಮ್ಮನಿರಬೇಡ, ಬಿಸಿಲಲ್ಲಿ ಬಂದ ಕೆಮ್ಮೇ ಹೋಗುವುದಿಲ್ಲ.

ಬೆಲ್ ಕ್ಲೋಸಿನ ಸುದ್ದಿ ನಿನಗೆ ಅರ್ಧ ಗೊತ್ತು. ಜೂನ್ ತಿಂಗಳಲ್ಲಿ ಹುಲ್ಲೆಲ್ಲ ಸುಟ್ಟು ಕಂದಾಯಿತಲ್ಲ, ನೆಲದೊಳಗೆ ಗೋಡೆ ಇದ್ದ ಕಡೆ ಇನ್ನೂ ಬೇಗ ಸುಟ್ಟು, ಇಡೀ ಒಂದು ಚರ್ಚಿನ ನಕ್ಷೆ ಹುಲ್ಲಿನ ಮೇಲೆ ಮೂಡಿಬಿಟ್ಟಿತು. ಯಾರೋ ಹಳದಿ ದಾರದಲ್ಲಿ ಗೆರೆ ಎಳೆದ ಹಾಗೆ. ಹಿಂದೆ ಅಲ್ಲಿ ಲಿಟಲ್ ತಾರ್ಸ್‌ವಿಕ್ ಅಂತ ಊರಿತ್ತು, ಪ್ಲೇಗಿನ ದೊಡ್ಡ ಸಾವು ಬಂದು, ಆಮೇಲೆ ಉಳಿದ ಹೊಲವೆಲ್ಲ ಕುರಿ ಮೇಯಿಸಲು ಹೋಗಿ ಖಾಲಿಯಾಯಿತು ಅಂತ ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದರು. ಚರ್ಚು ಎಲ್ಲಿತ್ತು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಲ್ಲೆಲ್ಲ ಎಲ್ಲಿಗೆ ಹೋಯಿತು ಅಂತ ಈಗ ಗೊತ್ತಾಗಿದೆ. ನಮ್ಮ ಹಂದಿಗೂಡಿನ ಗೋಡೆಯಲ್ಲಿ ಒಬ್ಬ ದೇವದೂತನ ಅರ್ಧ ಮುಖ ಇದೆ. ಇಷ್ಟು ವರ್ಷ ನಮ್ಮ ಹಂದಿ ಅದಕ್ಕೇ ಬೆನ್ನು ತಿಕ್ಕಿಕೊಳ್ಳುತ್ತಿತ್ತು.

ಸಿರಿಲ್ ನಕ್ಕ. "ಹುಡುಗ ಆಗಿದ್ದಾಗಿಂದ ಅಲ್ಲಿ ದನ ಮೇಯ್ಸಿದೀನಿ. ದನಗಳಿಗೆ ಗೊತ್ತಿತ್ತು ಅನ್ಸತ್ತೆ. ಭಾನುವಾರ ಬಂದ್ರೆ ಎಲ್ಲಾ ಅಲ್ಲೇ ಹೋಗಿ ಮಲಗ್ತಿದ್ವು."

ಆ ಚರ್ಚನ್ನು ಅಗೆದು ನೋಡಲು ಬಂದ ಪುರಾತತ್ವದವರ ಯಜಮಾನ ಮಿಸ್ಟರ್ ಪಾಸ್ಕೋ. ಕಾರ್ನ್‌ವಾಲ್ ಕಡೆಯವರು. ಗಡ್ಡ, ಹುಲ್ಲಿನ ಟೋಪಿ, ನಡೆದರೆ ಜೇಬಿನಲ್ಲಿ ಮೊಳೆಗಳ ಸದ್ದು. ಅವರ ಜೊತೆ ಒಂದಷ್ಟು ವಿದ್ಯಾರ್ಥಿಗಳು, ಮತ್ತು ಮೂಳೆ ನೋಡಿ ಹೇಳುವ ರೊವೀನಾ ಅನ್ನುವ ಹೆಂಗಸು, ನಿನ್ನ ಮಗಳ ವಯಸ್ಸು, ಸಿಗರೇಟು ತಾನೇ ಸುತ್ತಿಕೊಳ್ಳುತ್ತಾಳೆ. ನಾನು ದಿನಕ್ಕೆರಡು ಸಲ ಚಹಾ ಒಯ್ಯುತ್ತೇನೆ. ಒಯ್ಯುವಾಗೆಲ್ಲ ಗುಂಡಿಗೆ ಬಿದ್ದೇನು ಅಂತ ಹೆದರಿಕೆ. ಚರ್ಚಿನ ಬಾಗಿಲ ಹೊಸ್ತಿಲು ಸಿಕ್ಕಿದೆ, ಕಾಲು ತಿಕ್ಕಿ ತಿಕ್ಕಿ ನಡುವೆ ತಗ್ಗಾಗಿದೆ. ನನಗೆ ಅದನ್ನು ದಾಟಲು ಮನಸ್ಸು ಬರುವುದಿಲ್ಲ, ಸುತ್ತು ಬಳಸಿ ಹೋಗುತ್ತೇನೆ.

ಈಗ ನನ್ನ ಕನಸಿನ ಕಾರಣಕ್ಕೆ ಬರುತ್ತೇನೆ.

ಅಗೆಯುವವರಿಗೆ ಎಲ್ಲಕ್ಕಿಂತ ಮೊದಲ ಚಿಂತೆ ಅಗೆದ ಮಣ್ಣನ್ನು ಎಲ್ಲಿ ಹಾಕುವುದು ಅಂತ. ಬಂದ ದಿನವೇ ಮಿಸ್ಟರ್ ಪಾಸ್ಕೋ ಚರ್ಚಿನ ಉತ್ತರದ ಗೋಡೆಯಾಚೆ ಕೈ ತೋರಿಸಿದರು. ಬೇಲಿಯ ಹತ್ತಿರ ನಿಂತು ನೋಡುತ್ತಿದ್ದ ನಮ್ಮ ನೆರೆಮನೆಯ ಮಿಸೆಸ್ ಗೂಚ್ ಕೂಡ ಹೌದು ಹೌದು ಅಂದಳು. "ಉತ್ತರಕ್ಕೆ ಯಾರನ್ನ ಹೂಳ್ತಾರೆ ಹೇಳಿ? ಅದು ಸೈತಾನನ ದಿಕ್ಕು. ನಮ್ಮ ಚರ್ಚಲ್ಲೂ ಆ ಕಡೆ ಬರೀ ತುರಿಕೆ ಗಿಡ." ಹಾಗೆ ಬೇಸಿಗೆ ಪೂರ್ತಿ ಮಣ್ಣು ಅಲ್ಲೇ ಬಿತ್ತು. ಈಗ ಅದೊಂದು ಗುಡ್ಡ, ನಮ್ಮ ಕಣಜದ ಎತ್ತರ.

ಹೋದ ವಾರದ ಸೋಮವಾರ ರೊವೀನಾ ಉತ್ತರದ ಗೋಡೆಯ ಬುಡ ಎಷ್ಟು ಆಳಕ್ಕಿದೆ ಅಂತ ನೋಡಲು ಗುಡ್ಡದ ಅಂಚನ್ನು ಒಂದಿಷ್ಟು ಕೆರೆದಳು. ನಾನು ಚಹಾ ಹಿಡಿದು ಹೋದಾಗ ಅವಳು ಹೊಟ್ಟೆಯ ಮೇಲೆ ಮಲಗಿ ಚಿಕ್ಕ ಕುಂಚದಿಂದ ಏನನ್ನೋ ಗುಡಿಸುತ್ತಿದ್ದಳು. ಮಿಸೆಸ್ ಗೂಚ್ ಅವಳ ತಲೆಯ ಮೇಲೇ ನಿಂತಿದ್ದಳು.

"ಕೋಳಿ ಮೂಳೆ ಅದು," ಅಂದಳು ಮಿಸೆಸ್ ಗೂಚ್. "ಯಾರೋ ಊಟ ಮಾಡಿ ಎಸ್ದಿದಾರೆ."

"ಕೋಳಿ ಅಲ್ಲ."

"ಹಂಗಾದ್ರೆ ಮೊಲ."

"ಮೊಲಾನೂ ಅಲ್ಲ ಮಿಸೆಸ್ ಗೂಚ್. ಸ್ವಲ್ಪ ಬೆಳಕು ಬಿಡ್ತೀರಾ?" ರೊವೀನಾ ಎದ್ದು ಕೂತು ಕೈ ಒರೆಸಿಕೊಂಡು ಮಿಸ್ಟರ್ ಪಾಸ್ಕೋ ಅವರನ್ನು ಕೂಗಿದಳು. ಅವಳ ದನಿಯಲ್ಲೇ ನನಗೆ ಗೊತ್ತಾಯಿತು. ಬಗ್ಗಿ ನೋಡಿದೆ. ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ ಒಂದು ತಲೆ. ಗೋಡೆಗೆ ಅಂಟಿಕೊಂಡ ಹಾಗೆ. ಪಕ್ಕದಲ್ಲಿ ಇನ್ನೊಂದರ ಕಾಲು, ಅದರಾಚೆ ಇನ್ನೊಂದು ಇರಬೇಕು, ಆದರೆ ಮೇಲೆ ಗುಡ್ಡ.

ಮಿಸ್ಟರ್ ಪಾಸ್ಕೋ ಟೋಪಿ ತೆಗೆದು ನೆಲಕ್ಕೆ ಹೊಡೆದರು. "ಎಲ್ಲಿ ಮಣ್ಣು ಹಾಕ್ತೀವೋ ಅದರ ಕೆಳಗೇ ಇರತ್ತೆ! ಯಾವ ಊರಲ್ಲಿ ಅಗೆದ್ರೂ ಹೀಗೇ. ಗೊತ್ತಿದ್ದೂ ಗೊತ್ತಿದ್ದೂ ಮತ್ತೆ ಅದನ್ನೇ ಮಾಡಿದೀನಿ."

ಆಮೇಲೆ ನಮಗೆ ಬಿಡಿಸಿ ಹೇಳಿದರು. "ಇವು ಹುಟ್ಟುವಾಗ್ಲೇ ಹೋದ ಕೂಸುಗಳು. ದೀಕ್ಷಾಸ್ನಾನದ ನೀರು ಬೀಳೋಕ್ಕೆ ಮುಂಚೆ ಸತ್ತ ಮಗೂಗೆ ಆಗೆಲ್ಲ ಚರ್ಚಿನ ಅಂಗಳದಲ್ಲಿ ಜಾಗ ಇರ್ಲಿಲ್ಲ. ಹೆಸರಿಲ್ಲ, ಪ್ರಾರ್ಥನೆ ಇಲ್ಲ. ಆದ್ರೆ ಹೆತ್ತವರು ಸುಮ್ನೆ ಬಿಡ್ತಾರಾ? ತಂದು ಗೋಡೆ ಬುಡದಲ್ಲಿ, ಸರಿಯಾಗಿ ಸೂರಿನ ಕೆಳಗೆ ಮಲಗಿಸ್ತಿದ್ರು. ಚರ್ಚಿನ ಮಾಡಿನ ಮೇಲೆ ಬಿದ್ದ ಮಳೆ ಇಳ್ದು ಅವುಗಳ ಮೇಲೇ ಬೀಳ್ಬೇಕು. ಪಾದ್ರಿ ಕೊಡದೆ ಇದ್ದ ನೀರನ್ನ ಮಾಡಾದ್ರೂ ಕೊಡ್ಲಿ ಅಂತ. ಯಾರೂ ಬರೆದಿಟ್ಟಿಲ್ಲ, ಇದು ನಮ್ಮ ಊಹೆ ಅಷ್ಟೆ. ಆದ್ರೆ ಬೇರೆ ಕಡೆನೂ ಹೀಗೇ ಸಿಕ್ಕಿದಾವೆ."

"ಪಾದ್ರಿಗೆ ಗೊತ್ತಾಗ್ತಿರ್ಲಿಲ್ವಾ?" ಅಂತ ಕೇಳಿದಳು ಮಿಸೆಸ್ ಗೂಚ್.

"ಬೆಳಿಗ್ಗೆ ಗೋಡೆ ಪಕ್ಕ ಹಸಿ ಮಣ್ಣು ಕಂಡ್ರೆ ಯಾರಿಗೆ ಗೊತ್ತಾಗಲ್ಲ? ಬೇರೆ ಕಡೆ ಮುಖ ಮಾಡ್ಕೊಂಡು ಹೋಗ್ತಿದ್ರು ಅನ್ಸತ್ತೆ, ಪಾಪ."

ನಾನು ಅಲ್ಲೇ ಕೂತುಬಿಟ್ಟೆ ಎನಿಡ್. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ. ಚಹಾ ಪೂರ್ತಿ ಮಡಿಲಿಗೆ ಚೆಲ್ಲಿತು. ಸುಟ್ಟಿತೋ ಇಲ್ಲವೋ ನೆನಪಿಲ್ಲ. ಮಿಸೆಸ್ ಗೂಚ್ ನನ್ನ ಮುಖ ನೋಡಿದಳು. ಬಟ್ಟಲುಗಳನ್ನೆಲ್ಲ ಬಾಚಿ ತಾನೇ ಹೊತ್ತುಕೊಂಡು ನಮ್ಮ ಮನೆವರೆಗೆ ಬಂದಳು.

ತೊಂದರೆ ಏನಂದರೆ, ಬೆಲ್ ಕ್ಲೋಸನ್ನು ಈ ವರ್ಷ ಉತ್ತು ಸಕ್ಕರೆ ಬೀಟ್ ಬೆಳೆಗೆ ಸಿದ್ಧ ಮಾಡಬೇಕು ಅಂತ ಎಸ್ಟೇಟಿನವರ ಅಪ್ಪಣೆ. ನೆಲ ಅವರದ್ದು, ನಾವು ಗೇಣಿದಾರರು. ಅವರ ಏಜೆಂಟ್ ಮಿಸ್ಟರ್ ಪಾಸ್ಕೋ ಅವರಿಗೆ ಹೇಳಿದ್ದಾನಂತೆ: ಬಿಡಬೇಕಾದ ಜಾಗ ಏನಾದರೂ ಇದ್ದರೆ ಎಲ್ಲಿಂದ ಎಲ್ಲಿವರೆಗೆ ಅಂತ ಗೂಟ ಹೊಡೆದು ತೋರಿಸಿ, ಉಳಿದದ್ದೆಲ್ಲ ನೇಗಿಲಿಗೆ. ಗುಡ್ಡ ತೆಗೆಯದೆ ಎಲ್ಲಿಂದ ಎಲ್ಲಿವರೆಗೆ ಅಂತ ತೋರಿಸುವುದು ಹೇಗೆ? ವಿದ್ಯಾರ್ಥಿಗಳು ರಜೆ ಮುಗಿಸಿ ಹೊರಡುತ್ತಿದ್ದಾರೆ. ಆ ಕೂಸುಗಳು ಆಳದಲ್ಲಿಲ್ಲ, ಒಂದು ಮೊಳ ಮಣ್ಣು ಅಷ್ಟೇ. ನೇಗಿಲು ಒಮ್ಮೆ ಹಾದರೆ ಮುಗಿಯಿತು.

ಈವರೆಗೆ ಕಾಪಾಡಿರುವುದು ಈ ಬಿಸಿಲು. ನೆಲ ಕಬ್ಬಿಣದ ಹಾಗಿದೆ, ನೇಗಿಲು ಇಳಿಯುವುದಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಉಳುತ್ತೇನೆ ಅಂತ ಸಿರಿಲ್ ಏಜೆಂಟನಿಗೆ ಮಾತು ಕೊಟ್ಟಿದ್ದಾನೆ. ಹೋದ ಭಾನುವಾರ ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿ ಮಳೆಗಾಗಿ ಪ್ರಾರ್ಥಿಸಿದೆವು. ಊರಿಗೆ ಊರೇ ಜೋರಾಗಿ ಆಮೆನ್ ಅಂದಿತು. ನಾನು ತುಟಿ ಮಾತ್ರ ಅಲ್ಲಾಡಿಸಿದೆ. ಇದು ಪಾಪವಾ? ಜಾನುವಾರುಗಳು ಒಣಗಿದ ಹಳ್ಳ ನೆಕ್ಕುತ್ತಿವೆ, ನಾನು ಮಳೆ ಬೇಡ ಅಂತಿದ್ದೇನೆ. ಸಿರಿಲ್‌ಗೆ ಹೇಳಲು ಧೈರ್ಯವಿಲ್ಲ. ಅವನು ಆ ಸೋಮವಾರ ಸಂತೆಗೆ ಹೋಗಿದ್ದ, ಕೂಸುಗಳ ವಿಷಯ ಅವನಿಗೆ ಗೊತ್ತಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಆ ವಿಷಯ ನಮ್ಮ ಮನೆಯಲ್ಲಿ ಆಡುವ ಮಾತಲ್ಲ ಅಂತ ನಿನಗೆ ಗೊತ್ತೇ ಇದೆ.

ನೀನಾದರೂ ಸದ್ಯಕ್ಕೆ ಮಳೆ ಬೇಡಿಕೊಳ್ಳಬೇಡ. ಕಿಟಕಿ ಹಾಕಿಕೊಂಡು ಮಲಗು. ಸ್ಟಾಂಪು ಸರಿಯಾಗಿ ಅಂಟಿದೆಯೋ ಇಲ್ಲವೋ ಅಂತ ಈಗಲೇ ಚಿಂತೆ.

ನಿನ್ನ ಅಕ್ಕ,
ಹೆಪ್ಸಿ


ಮಿಲ್ ಫಾರ್ಮ್
ಭಾನುವಾರ, ೧೯ ಸೆಪ್ಟೆಂಬರ್ ೧೯೭೬

ಪ್ರೀತಿಯ ಎನಿಡ್,

ನೀನು ಬರೆದ ಕಾಗದ ತಲುಪಿತು. ಈ ಸಲವೂ ತಡವಾಯಿತು, ಕ್ಷಮಿಸು. ಆದರೆ ಈ ಸಲದ ಕಾರಣ ಕೇಳಿದರೆ ನೀನೇ ಸರಿ ಅನ್ನುತ್ತೀಯ. ಕೆಮ್ಮಿಗೆ ಡಾಕ್ಟರು ಕೊಟ್ಟ ಔಷಧಿ ಬಾಟಲಿ ಪೂರ್ತಿ ಕುಡಿ, ಅರ್ಧಕ್ಕೆ ನಿಲ್ಲಿಸಬೇಡ. ನಮ್ಮಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಪ್ಲಮ್ ಜ್ಯಾಮ್ ಮಾಡಿದೆ, ತಳ ಹಿಡಿಯಿತು. ನಿನಗೆ ಮೇಲಿನದ್ದನ್ನು ಎರಡು ಬಾಟಲಿ ತೆಗೆದಿಟ್ಟಿದ್ದೇನೆ.

ಮಳೆ ಬಂತು ಅಂತ ನಾನು ಹೇಳಬೇಕಾಗಿಲ್ಲ, ನಿಮ್ಮ ಕಡೆಯೂ ಬಂದಿರಬೇಕು. ಆಗಸ್ಟ್ ಕೊನೆಯ ರಜೆಯ ಸೋಮವಾರ. ಮಧ್ಯಾಹ್ನ ಎಲ್ಲ ಕಪ್ಪಾಯಿತು, ಆಮೇಲೆ ಒಂದೇ ಸಮ. ಊರಿನವರೆಲ್ಲ ರಸ್ತೆಗೆ ಬಂದು ನಿಂತರು. ಮಿಸೆಸ್ ಗೂಚ್ ಒಳಲಂಗದಲ್ಲೇ ಹೊರಗೆ ಬಂದು ಬಾಯಿ ತೆರೆದು ಆಕಾಶ ನೋಡುತ್ತಿದ್ದಳು. "ನೋಡ್ಬೇಡ್ರೋ, ಎಪ್ಪತ್ತು ವರ್ಷದ ಸರಕು, ಒದ್ದೆ ಆದ್ರೆ ಕುಗ್ಗತ್ತೆ!" ಅಂತ ಗಂಡಸರಿಗೆ ಕೂಗಿದಳು. ಎಲ್ಲರೂ ನಗುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಸಿರಿಲ್ ಅಂಗಳಕ್ಕಿಳಿದು ಹಿಮ್ಮಡಿಯಿಂದ ನೆಲ ಒತ್ತಿ ನೋಡಿದ. "ಇನ್ನೊಂದೆರಡು ದಿನ ಹಿಂಗೇ ಹೊಡೆದ್ರೆ ನೇಗಿಲು ಇಳಿಯತ್ತೆ," ಅಂದ. ಎರಡು ದಿನವಲ್ಲ, ಆ ವಾರ ಪೂರ್ತಿ ಬಂತು. ಒಂದು ಬೆಳಿಗ್ಗೆ ತಿಂಡಿಯ ಮೇಜಿನ ಹತ್ತಿರ ಅವನು ಬೂಟಿನ ದಾರ ಕಟ್ಟುವುದನ್ನು ನೋಡಿದಾಗ ನನಗೆ ತಡೆಯಲಾಗಲಿಲ್ಲ. ನನ್ನ ಬಾಯಿಂದ ಮಾತು ಹೇಗೆ ಬಂತೋ.

"ಸಿರಿಲ್, ಉತ್ತರದ ಗೋಡೆ ಹತ್ರ ಕೂಸುಗಳಿದಾವೆ."

ಅವನು ದಾರ ಕಟ್ಟುತ್ತಲೇ ಇದ್ದ. "ಗೊತ್ತು."

"ಯಾರು ಹೇಳಿದ್ರು?"

"ಗೂಚ್ ಮುದುಕಿ. ಅವತ್ತೇ ಹೇಳಿದ್ಲು, ಬೇಲಿ ಹತ್ರ ಅಡ್ಡ ಹಾಕ್ಕೊಂಡು." ಚಹಾ ನಿಂತುಕೊಂಡೇ ಕುಡಿದ, ಟೋಪಿ ಹಾಕಿಕೊಂಡ, ಹೊರಟ. ನನ್ನ ಕಡೆ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಟ್ರಾಕ್ಟರ್ ಸದ್ದು. ಕನಸಿನ ಸದ್ದೇ. ನಾನು ಒಲೆ ಮೇಲೆ ಬೇಕನ್ ಬಿಟ್ಟು, ಮನೆಯ ಚಪ್ಪಲಿಯಲ್ಲೇ, ಕೆಸರಲ್ಲಿ ಓಡಿದೆ. ಈ ವಯಸ್ಸಿನಲ್ಲಿ ಓಡುವುದು ನನಗೆ ಒಪ್ಪುವುದಿಲ್ಲ. ಒಂದು ಚಪ್ಪಲಿ ಗೇಟಿನ ಹತ್ತಿರ ಕೆಸರಲ್ಲೇ ಉಳಿಯಿತು. ಏದುಸಿರು ಬಿಡುತ್ತಾ ಹೋಗಿ ನೋಡಿದರೆ, ಟ್ರಾಕ್ಟರಿನ ಹಿಂದೆ ನೇಗಿಲಿಲ್ಲ. ಮುಂದೆ ಗೊಬ್ಬರ ಎತ್ತುವ ದೊಡ್ಡ ಸಲಿಕೆ ಕಟ್ಟಿದ್ದಾನೆ. ಮಿಸ್ಟರ್ ಪಾಸ್ಕೋ ರೇನ್‌ಕೋಟಿನಲ್ಲಿ ಗುಡ್ಡದ ಕೆಳಗೆ ನಿಂತಿದ್ದಾರೆ, ಅವರ ಜೊತೆ ಉಳಿದವಳು ರೊವೀನಾ ಒಬ್ಬಳೇ.

"ಈ ಗುಡ್ಡ ಎಲ್ಲಿ ಹಾಕ್ಲಿ?" ಅಂತ ಸಿರಿಲ್ ಟ್ರಾಕ್ಟರ್ ಮೇಲಿಂದಲೇ ಕೂಗುತ್ತಿದ್ದ. "ಈ ಸಲ ಚೆನ್ನಾಗಿ ಯೋಚ್ನೆ ಮಾಡಿ ಹೇಳಿ ಸ್ವಾಮಿ."

"ಹಳೇ ಸುಣ್ಣದ ಗುಂಡಿ ಇದ್ಯಲ್ಲ, ಅದಕ್ಕೆ."

"ಅಲ್ಲೇನೂ ಇಲ್ಲ ಅಂತ ಗ್ಯಾರಂಟಿನಾ?"

ಮಿಸ್ಟರ್ ಪಾಸ್ಕೋ ಗಡ್ಡ ಕೆರೆದುಕೊಂಡರು. "ಗ್ಯಾರಂಟಿ ಇಲ್ಲ," ಅಂದರು. ಸಿರಿಲ್ ಗಹಗಹಿಸಿ ನಕ್ಕ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ನನ್ನನ್ನು ಕಂಡು ನಗು ನಿಲ್ಲಿಸಿದ. "ಒಂದು ಕಾಲಲ್ಲಿ ಚಪ್ಲಿ ಇಲ್ಲ ನಿಂಗೆ. ಮನೆಗ್ ಹೋಗು, ಶೀತ ಆಗತ್ತೆ." ಬೇಕನ್ ನೆನಪಾಗಿ ಓಡಿದೆ. ಇದ್ದಿಲಾಗಿತ್ತು. ಮನೆ ಹತ್ತಿಕೊಳ್ಳಲಿಲ್ಲ, ದೇವರು ದೊಡ್ಡವನು.

ಟ್ರಾಕ್ಟರಿನಲ್ಲಿ ಗುಡ್ಡದ ಹೊಟ್ಟೆ ಹೋಯಿತು. ಬುಡಕ್ಕೆ ಬಂದಾಗ ಸಿರಿಲ್ ಎಂಜಿನ್ ಆರಿಸಿ ಕೆಳಗಿಳಿದ. ಚಕ್ರ ಹತ್ತಿದರೆ ಒಳಗಿನದು ಪುಡಿಯಾಗುತ್ತದೆ, ಇನ್ನು ಕೈ ಸಲಿಕೆಯೇ. ಮರುದಿನ ಊರಿನವರು ಬೇಲಿ ದಾಟಿ ಒಬ್ಬೊಬ್ಬರೇ ಬಂದರು. ಯಾರೂ ಯಾರನ್ನೂ ಕರೆಯಲಿಲ್ಲ. ಗಂಡಸರು ಸಲಿಕೆ ತಂದರು. ಹೆಂಗಸರು ಕಲ್ಲಿದ್ದಲಿನ ಬಕೆಟ್ಟು, ತೊಟ್ಟಿ, ಸಿಕ್ಕಿದ್ದು ತಂದರು. ಮಿಸೆಸ್ ಗೂಚ್ ತಟ್ಟೆ ತುಂಬ ಬಿಸ್ಕತ್ತು ಮಾಡಿ ತಂದಿದ್ದಳು, ಕಲ್ಲಿನ ಹಾಗೆ ಗಟ್ಟಿ. ರೊವೀನಾ ಒಂದನ್ನು ಕಚ್ಚಿ ನೋಡಿ, "ಇದನ್ನೂ ದಾಖಲೆಗೆ ಸೇರಿಸ್ಲಾ?" ಅಂದಳು. "ಸೇರಿಸು, ಸೇರಿಸು. ನನ್ ಜೊತೇಲೇ ಹೂಳು," ಅಂದಳು ಮಿಸೆಸ್ ಗೂಚ್.

ಮಳೆ ನಿಲ್ಲುತ್ತಿತ್ತು, ಬರುತ್ತಿತ್ತು. ಕೊನೆಗೆ ಮಣ್ಣು ಸರಿದು ಗೋಡೆಯ ಬುಡ ಪೂರ್ತಿ ಬಿಡಿಸಿಕೊಂಡಿತು. ಗೋಡೆಯ ಉದ್ದಕ್ಕೂ ಇದ್ದವು ಎನಿಡ್. ಒಂದರ ಪಕ್ಕ ಒಂದು. ಎಲ್ಲದರ ತಲೆಯೂ ಒಂದೇ ಕಡೆಗೆ, ದೊಡ್ಡವರನ್ನು ಮಲಗಿಸುವ ಹಾಗೇ ಮಲಗಿಸಿದ್ದಾರೆ. ಎಷ್ಟು ಅಂತ ರೊವೀನಾ ಎಣಿಸಿ ಹೇಳಿದಳು, ನಾನು ಕಿವಿ ಮುಚ್ಚಿಕೊಂಡೆ. ಒಂದರ ಕೈಯ ಹತ್ತಿರ ಬಿಳೀ ಕಲ್ಲಿತ್ತು, ನುಣ್ಣಗೆ, ಪಾರಿವಾಳದ ಮೊಟ್ಟೆಯ ಹಾಗೆ. ನಮ್ಮ ಮಣ್ಣಿನ ಕಲ್ಲಲ್ಲ, ಸಮುದ್ರದ ದಂಡೆಯಿಂದ ತಂದದ್ದು ಅಂದರು ಮಿಸ್ಟರ್ ಪಾಸ್ಕೋ. ಯಾಕೆ ಇಟ್ಟರು ಅಂತ ಅವರಿಗೂ ಗೊತ್ತಿಲ್ಲವಂತೆ. ಮಿಸೆಸ್ ಗೂಚ್ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟೂ ಗೊತ್ತಾಗಲ್ವಾ? ಆಡ್ಕೊಳ್ಳೋಕೆ."

ಹೆದರಿಕೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ನೋಡುತ್ತಾ ನಿಂತಾಗ ನನಗೆ ಅನ್ನಿಸಿದ್ದು ಒಂದೇ. ಇವರನ್ನು ಯಾರೋ ಕೈಯಲ್ಲಿ ಎತ್ತಿಕೊಂಡು ಬಂದಿದ್ದಾರೆ. ಬಗ್ಗಿದ್ದಾರೆ. ಮಣ್ಣನ್ನು ಮೆಲ್ಲಗೆ ಒತ್ತಿದ್ದಾರೆ. ಮರುದಿನ ಮಳೆ ಬಂದಾಗ ಮನೆಯ ಬಾಗಿಲಲ್ಲಿ ನಿಂತು ಇತ್ತ ನೋಡಿದ್ದಾರೆ. ಊರು ಹೋಯಿತು, ಚರ್ಚು ಹೋಯಿತು, ಗೋಡೆಯ ಕಲ್ಲು ಹಂದಿಗೂಡಿಗೆ ಹೋಯಿತು, ಇವರನ್ನು ಮಾತ್ರ ಯಾರೂ ಅಲ್ಲಾಡಿಸಲಿಲ್ಲ. ಈಗ ಚರ್ಚಿನ ಮಾಡೂ ಇಲ್ಲ, ಸೂರೂ ಇಲ್ಲ, ಮಳೆ ನೇರವಾಗಿ ಇವರ ಮೇಲೇ ಬೀಳುತ್ತಿತ್ತು. ಯಾರೂ ಟಾರ್ಪಾಲು ಹೊದಿಸೋಣ ಅನ್ನಲಿಲ್ಲ. ರೊವೀನಾ ಕೂಡ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು, ಆಮೇಲೇ ಹೊದಿಸಿದಳು.

ಸಿರಿಲ್ ಸಲಿಕೆಗೆ ಒರಗಿ ನಿಂತಿದ್ದ. ಟೋಪಿ ತೆಗೆದಿದ್ದ, ತಲೆಯಿಂದ ನೀರು ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ರೊವೀನಾಳ ಹತ್ತಿರ ಹೋಗಿ ಕೇಳಿದ.

"ಗಂಡೋ ಹೆಣ್ಣೋ, ನೋಡಿದ್ರೆ ಗೊತ್ತಾಗತ್ತಾ ನಿಮಗೆ?"

"ಇಲ್ಲ ಮಿಸ್ಟರ್ ಲಾರ್ಟರ್. ಇಷ್ಟು ಚಿಕ್ಕದಾಗಿದ್ರೆ ಮೂಳೆ ಎಲ್ಲಾ ಒಂದೇ ಥರ ಇರತ್ತೆ."

"ಯಾರಿಗೂ ಗೊತ್ತಾಗಲ್ವಾ?"

"ಅವರ ಅಮ್ಮಂದಿರಿಗೆ ಗೊತ್ತಿದ್ದಿರತ್ತೆ," ಅಂದಳು ರೊವೀನಾ. ಪಾಪ, ಅವಳಿಗೇನು ಗೊತ್ತು.

ಸಿರಿಲ್ ನನ್ನ ಕಡೆ ನೋಡಿದ. ನಾನು ಬಕೆಟ್ಟಿನ ಕಡೆ ನೋಡಿದೆ. ಆಮೇಲೆ ಅವನು ಟೋಪಿ ಹಾಕಿಕೊಂಡು, ಗೂಟಗಳ ಕಟ್ಟು ಎತ್ತಿಕೊಂಡು, ಗೋಡೆಯಿಂದ ದೂರ, ಇನ್ನೂ ದೂರ ಹೋಗಿ ಹೊಡೆಯತೊಡಗಿದ. ಮಿಸ್ಟರ್ ಪಾಸ್ಕೋ ಓಡಿ ಹೋದರು. "ಅಷ್ಟೊಂದು ಬೇಕಾಗಿಲ್ಲ, ಇಲ್ಲಿಗೇ ಮುಗಿಯತ್ತೆ."

"ನಂಗೆ ಟ್ರಾಕ್ಟರ್ ತಿರುಗಿಸೋಕೆ ಜಾಗ ಬೇಕು," ಅಂದ ಸಿರಿಲ್, ಗೂಟ ಹೊಡೆಯುತ್ತಲೇ. ಇಡೀ ಚರ್ಚು, ಅದರ ಸುತ್ತಲಿನ ಅಂಗಳ, ಎಲ್ಲ ಆ ಗೂಟಗಳ ಒಳಗೆ ಬಂತು. ಏಜೆಂಟ್ ಬಂದಾಗಲೂ ಅದೇ ಮಾತು. "ಆ ಮೂಲೇಲಿ ನನ್ ಟ್ರಾಕ್ಟರ್ ತಿರುಗಲ್ಲ. ಬೇರೆಯವರನ್ನ ಇಟ್ಕೊಂಡು ಉಳುಮೆ ಮಾಡಿಸ್ತೀರಾದ್ರೆ ಮಾಡಿಸ್ಕೊಳ್ಳಿ." ಏಜೆಂಟ್ ಕೆಸರಿನಲ್ಲಿ ತನ್ನ ಬೂಟು ನೋಡಿದ, ಸಾಲಾಗಿ ನಿಂತ ಹೆಂಗಸರನ್ನು ನೋಡಿದ, ಮಿಸೆಸ್ ಗೂಚ್ ಅವನಿಗೂ ಒಂದು ಬಿಸ್ಕತ್ತು ಕೊಟ್ಟಳು. ಅದನ್ನು ಬಾಯಲ್ಲಿ ಇಟ್ಟುಕೊಂಡವನಿಗೆ ಹೆಚ್ಚು ಮಾತಾಡಲಾಗಲಿಲ್ಲ. ಗೂಟದೊಳಗಿನದು ಹುಲ್ಲುಗಾವಲಾಗಿಯೇ ಇರಲಿ ಅಂತ ಹೇಳಿ ಹೋದ. ಮಾತು ಬದಲಿಸುತ್ತಾನೋ ಅಂತ ನನಗೆ ಒಂದು ವಾರ ನಿದ್ದೆಯಿಲ್ಲ. ಮೊನ್ನೆ ಎಸ್ಟೇಟಿನಿಂದಲೇ ಮುಳ್ಳುತಂತಿ ಬಂದು ಬಿತ್ತು, ಬೇಲಿ ಹಾಕಲು.

ನೇಗಿಲು ಬರುವುದಿಲ್ಲವಾದ್ದರಿಂದ ಅವರನ್ನು ಎತ್ತಬೇಕಾಗಿಲ್ಲ ಅಂದರು ಮಿಸ್ಟರ್ ಪಾಸ್ಕೋ. ಚಿತ್ರ ಬರೆದುಕೊಂಡು, ಅಳತೆ ತೆಗೆದುಕೊಂಡು, ಮತ್ತೆ ಮುಚ್ಚಿದರು. ಮಣ್ಣನ್ನು ಜರಡಿಯಲ್ಲಿ ಸೋಸಿ, ಕಲ್ಲು ಬೀಳದ ಹಾಗೆ. ಸೋಸಿದವಳು ನಾನು. ನಮ್ಮ ಪಾದ್ರಿ ಬಂದಿದ್ದರು, ಯಾವ ಪ್ರಾರ್ಥನೆ ಓದಬೇಕು ಅಂತ ಅವರಿಗೆ ತಿಳಿಯಲಿಲ್ಲ. ಪುಸ್ತಕದಲ್ಲಿ ಇಂಥವರಿಗೆ ಇಲ್ಲವಂತೆ. ಕೊನೆಗೆ ಪುಸ್ತಕ ಮುಚ್ಚಿ ಜೇಬಿಗೆ ಹಾಕಿ, ಕೋಟು ಬಿಚ್ಚಿ, ಒಂದು ಸಲಿಕೆ ಕೇಳಿ ಪಡೆದರು. ಬಿಳೀ ಕಲ್ಲನ್ನು ಮ್ಯೂಸಿಯಮ್ಮಿಗೆ ಒಯ್ಯಬಹುದಿತ್ತು. ರೊವೀನಾ ಅದರ ಫೋಟೋ ತೆಗೆದು, ಇದ್ದಲ್ಲೇ ಇಟ್ಟಳು.

ಬೆಲ್ ಕ್ಲೋಸಿನ ಉಳಿದ ಭಾಗ ಈಗ ಕಪ್ಪಗೆ ಉತ್ತು ಬಿದ್ದಿದೆ. ಗೂಟದ ಒಳಗೆ ಹಸಿರು ಚಿಗುರುತ್ತಿದೆ, ಇಷ್ಟು ಬೇಗ! ಹೋಗುವ ಮುಂಚೆ ಮಿಸ್ಟರ್ ಪಾಸ್ಕೋ ಆ ಹೊಸ್ತಿಲನ್ನು ಮುಚ್ಚದೆ ಬಿಟ್ಟರು. ನಿನ್ನೆ ಸಂಜೆ ಮೊದಲ ಸಲ ಅದನ್ನು ದಾಟಿ ಒಳಗೆ ಹೋದೆ. ಒಳಗೆ ಏನಿದೆ ಹೇಳು, ಹುಲ್ಲು, ಆಕಾಶ. ಆದರೂ ಕಾಲು ಒರೆಸಿಕೊಂಡೇ ಹೋದೆ.

ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ. ಚೆನ್ನಾಗಿ ನಿದ್ದೆ ಬರುವುದು ಯಾವುದಾದರೂ ಕಾಯಿಲೆಯ ಗುರುತೋ ಅಂತ ಒಂದು ಸಣ್ಣ ಯೋಚನೆ ಇದೆ, ನೀನು ಡಾಕ್ಟರ ಹತ್ತಿರ ಹೋದಾಗ ಕೇಳು.

ನಿನಗೂ ಮಗಳಿಗೂ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ. ನಿಮ್ಮ ಬಾಗಿಲಿಗೆ ಒಳ್ಳೆಯ ಸುದ್ದಿಯೇ ಬರಲಿ, ನೀವು ಕಾಲಿಟ್ಟ ಕಡೆ ನೆಲ ಗಟ್ಟಿಯಾಗಿರಲಿ.

ನಿನ್ನ ಅಕ್ಕ,
ಹೆಪ್ಸಿ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ಹೊರಗೆ ತೆಗೆದೆ. ನಿನ್ನ ಕಾಗದದ ಕೊನೆಯ ಪುಟದ ಬಗ್ಗೆ ಒಂದು ಮಾತೂ ಬರೆಯಲಿಲ್ಲ ಅಂತ ನೀನು ಅಂದುಕೊಳ್ಳುತ್ತೀಯ. ಓದಿದೆ ಎನಿಡ್. ಕಲ್ಲಿದ್ದಲಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಓದಿದೆ. ನಾನು ಕೇಳದೆಯೇ ನೀನಾಗಿ ನಿಮ್ಮೂರಿನ ಸ್ಮಶಾನಕ್ಕೆ ಹೋಗಿ ಆ ಹಳೇ ಕಾವಲುಗಾರನನ್ನು ಹುಡುಕಿ ಕೇಳಿದೆಯಲ್ಲ, ಅದಕ್ಕೆ ನಿನಗೆ ಹೇಗೆ ಏನು ಹೇಳಲಿ.

ಐವತ್ತೊಂದರ ಮಾರ್ಚ್‌ನಲ್ಲಿ ನಿಮ್ಮೂರಿನ ಆ ಆಸ್ಪತ್ರೆಯಲ್ಲಿ ನರ್ಸು ನನ್ನ ಮಗುವನ್ನು ಟವೆಲಿನಲ್ಲಿ ಸುತ್ತಿ ಒಯ್ದಳು. ತೋರಿಸಲಿಲ್ಲ. ಅಳಲಿಲ್ಲ ಅದು, ಅಷ್ಟು ಮಾತ್ರ ನನಗೆ ಗೊತ್ತು. "ಮನೆಗೆ ಹೋಗಿ ಇನ್ನೊಂದು ಮಾಡ್ಕೊ," ಅಂದಳು. ಇನ್ನೊಂದು ಆಗಲಿಲ್ಲ. ಗಂಡೋ ಹೆಣ್ಣೋ ಅಂತಲೂ ಹೇಳಲಿಲ್ಲ. ಅಮ್ಮಂದಿರಿಗೆ ಗೊತ್ತಿರುತ್ತದೆ ಅಂತ ರೊವೀನಾ ಅಂದಳಲ್ಲ, ಅದು ಹಾಗೇ ಕಿವಿಯಲ್ಲಿ ಕೂತಿದೆ. ಸಿರಿಲ್ ಆವತ್ತು ಹೊರಗಿನ ಮೊಗಸಾಲೆಯಲ್ಲಿ ನಿಂತಿದ್ದನಂತೆ. ಒಬ್ಬ ಆಳು ಬೂಟಿನ ಪೆಟ್ಟಿಗೆಯಂಥ ಒಂದು ಪೆಟ್ಟಿಗೆ ಹಿಡಿದುಕೊಂಡು ಹಾದುಹೋದನಂತೆ. ಇವನು ಪಕ್ಕಕ್ಕೆ ಸರಿದು ದಾರಿ ಬಿಟ್ಟನಂತೆ. ಅದನ್ನು ನನಗೆ ಹೇಳಿದ್ದು ಈ ವಾರ. ಗೂಟ ಹೊಡೆದ ಮೇಲೆ.

ಆಸ್ಪತ್ರೆಯಿಂದ ಬಂದ ಕೂಸುಗಳನ್ನು ಸ್ಮಶಾನದ ಪ್ರಾರ್ಥನಾಮಂದಿರದ ಹಿಂದಿನ ಗೋಡೆಯ ಬುಡದಲ್ಲಿ ಮಲಗಿಸುತ್ತಿದ್ದೆವು ಅಂತ ಆ ಮುದುಕ ನಿನಗೆ ಹೇಳಿದ್ದನ್ನು ಸಿರಿಲ್‌ಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ. ಓದಿದೆ. ಉಳಿದ ಹೊಲಗಳ ಉಳುಮೆ ಮುಗಿದ ಮೇಲೆ ಇಬ್ಬರೂ ಹೋಗಿ ಬರೋಣ ಅಂತ ಅವನೇ ಅಂದದ್ದು, ನಾನಲ್ಲ.

ಅಷ್ಟರೊಳಗೆ ನೀನು ದಯವಿಟ್ಟು ಮತ್ತೊಮ್ಮೆ ಅಲ್ಲಿಗೆ ಹೋಗಿ ಬಾ. ಎದೆಗೆ ಬೆಚ್ಚಗೆ ಸುತ್ತಿಕೊಂಡು, ಕೊಡೆ ಹಿಡಿದುಕೊಂಡು, ಮಳೆ ಸುರಿಯುತ್ತಿರುವಾಗಲೇ ಹೋಗು. ಆ ಹಿಂದಿನ ಗೋಡೆಯ ಸೂರಿಗೆ ಮಳೆನೀರನ್ನು ಬದಿಗೆ ಸಾಗಿಸುವ ದೋಣಿ ಕಟ್ಟಿದ್ದಾರಾ, ಇಲ್ಲ ನೀರು ನೇರ ನೆಲಕ್ಕೇ ಬೀಳುತ್ತದಾ ನೋಡು. ದೋಣಿ ಇದ್ದರೆ, ಅದು ಎಲ್ಲಾದರೂ ಸೋರುತ್ತದೆಯಾ ಅಂತ ಸರಿಯಾಗಿ ನೋಡಿ ಬರೆ.